ಸಾಕ್ಷಿಯ ಮೊಣಕಾಲು

ಮಗಳ ಮೊಣಕಾಲಿನ ನೋವು ಮೊದಲ ಸಲ ತನ್ನ ಮೊಣಕಾಲಿಗೆ ಬಂದಾಗ ಮಾದೇವಿಗೆ ನೆನಪಾದದ್ದು ತಾನು ಬಸುರಿಯಾಗಿದ್ದ ಐದನೆಯ ತಿಂಗಳು. ಗುಳೇದಗುಡ್ಡದ ಮನೆಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕುಪ್ಪಸದ ಖಣ ನೇಯುತ್ತಿದ್ದಾಗ, ತನ್ನದಲ್ಲದ ಒಂದು ಅಲುಗಾಟ ತನ್ನೊಳಗೆ ಎದ್ದಿತ್ತು. ಲಾಳಿ ಕೈಯಲ್ಲೇ ನಿಂತುಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಕಳೆದ ಮೇಲೆ ಅಂಥದೇ ಇನ್ನೊಂದು.

ಈಗ ಅವಳು ಕೂತದ್ದು ಬಾಗಲಕೋಟೆಯ ಹೊರಗಿನ ಭಾರ ಎತ್ತುವ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ. ಗಾಜಿನ ಆಚೆ ಮಗಳು ಬನಶ್ರೀ ಎಂಬತ್ತು ಕಿಲೊ ಕಬ್ಬಿಣವನ್ನು ಹೆಗಲಿಗೇರಿಸಿ ಕುಕ್ಕರಿಸಿ ಏಳುತ್ತಿದ್ದಳು. ಗಾಜಿನ ಈಚೆ, ಬಲಗಾಲಿಗೆ ಕರೀ ಪಟ್ಟಿ ಬಿಗಿದುಕೊಂಡ ಮಾದೇವಿಯ ಮೊಣಕಾಲ ಚಿಪ್ಪಿನ ಕೆಳಗೆ, ಯಾರೋ ಒದ್ದೆ ಹಗ್ಗವನ್ನು ಎರಡು ಕಡೆಯಿಂದ ಹಿಡಿದು ಹಿಂಡಿದ ಹಾಗಾಯಿತು.

"ಎಷ್ಟು, ಮಾದೇವಕ್ಕಾ?" ಡಾಕ್ಟರ್ ಪರ್ವೀನ್ ಮುಲ್ಲಾ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಸೊನ್ನೆ ಅಂದ್ರ ಏನೂ ಇಲ್ಲ. ಹತ್ತು ಅಂದ್ರ ಇನ್ನ ತಡಕೊಳ್ಳಾಕ ಆಗಂಗಿಲ್ಲ ಅನ್ನೂ ಹಂಗ. ಇದು ಎಷ್ಟು?"

ಮಾದೇವಿ ಅಳೆದು ನೋಡಿದಳು. ಹತ್ತು ಅಂದರೆ ಬನಶ್ರೀ ಹುಟ್ಟುವಾಗಿನ ಎರಡು ಹಗಲು. ಮಗ್ಗದ ದಿಂಡು ಕಾಲ ಮೇಲೆ ಬಿದ್ದು ಉಗುರು ಕಿತ್ತು ಬಂದದ್ದು ಎಂಟು ಇದ್ದೀತು. ಅವತ್ತು ಅರಿಷಿಣ ಒತ್ತಿಕೊಂಡು ಸಂಜೆಯತನಕ ನೇಯ್ದಿದ್ದಳು. ಹಾಗಾದರೆ ಇದು ಆರು. ಆರಕ್ಕೆ ತುಸು ಮೇಲೆಯೇ.

"ನಾಕು ರೀ," ಅಂದಳು.

ಪರದೆಯ ಮೇಲೆ ಹಸಿರು ಗೆರೆಯೊಂದು ಎದ್ದಿತು.

ಆ ಹೊತ್ತಿಗೆ ಭಾರ ಎತ್ತುವ ಸ್ಪರ್ಧೆಗಳಲ್ಲಿ ‘ಮುಕ್ತ ವಿಭಾಗ’ ಶುರುವಾಗಿ ಏಳು ವರ್ಷ ಆಗಿತ್ತು. ಸ್ಟೀರಾಯ್ಡನ್ನು ಕದ್ದು ಚುಚ್ಚಿಕೊಳ್ಳುವವರನ್ನು ತಡೆಯಲಾಗದೆ, ಡಾಕ್ಟರರ ಕಣ್ಣೆದುರೇ ಅಳತೆಗೆ ತಕ್ಕಷ್ಟು ಚುಚ್ಚಿಕೊಳ್ಳಲಿ ಎಂದು ಒಪ್ಪಿಕೊಂಡ ವಿಭಾಗ ಅದು. ಒಪ್ಪಿಕೊಂಡ ಮೇಲೆ ತಿಳಿಯಿತು, ತೊಂದರೆ ಔಷಧವನ್ನು ಕದಿಯುವುದರಲ್ಲಿ ಮಾತ್ರ ಇರಲಿಲ್ಲ ಎಂದು. ಔಷಧ ಮಾಂಸಖಂಡವನ್ನು ಎರಡು ತಿಂಗಳಲ್ಲಿ ಬೆಳೆಸಿಬಿಡುತ್ತದೆ. ಆದರೆ ಖಂಡವನ್ನು ಎಲುಬಿಗೆ ಕಟ್ಟುವ ಹುರಿ ಇದೆಯಲ್ಲ, ಡಾಕ್ಟರರು ಸ್ನಾಯುರಜ್ಜು ಅನ್ನುವುದು, ಅದಕ್ಕೆ ರಕ್ತದ ಹರಿವು ಕಡಿಮೆ. ವರ್ಷ ಕಳೆದರೂ ಅದು ತನ್ನ ನಿಧಾನ ಬಿಡುವುದಿಲ್ಲ. ಮೇಲಾಗಿ ಔಷಧ ಅದರ ಬಳುಕು ಕಳೆದು ಬಿರುಸು ಮಾಡುತ್ತದೆ. ಬಲ ಹೊಸದು, ಹುರಿ ಹಳೆಯದು. ಮೊದಲ ವರ್ಷವೇ ಹತ್ತಾರು ಹುಡುಗರ ತೋಳು, ತೊಡೆ, ಮೊಣಕಾಲಿನ ಹುರಿಗಳು ಪಟ್ಟನೆ ಹರಿದವು.

ಹುರಿಯೊಳಗೆ ಕೂದಲಿಗಿಂತ ತೆಳ್ಳಗಿನ ತಂತು ಇಟ್ಟು ಎಳೆತವನ್ನು ಅಳೆಯಲು ನೋಡಿದರು. ಒಬ್ಬರ ಹುರಿ ಹರಿಯುವ ಎಳೆತಕ್ಕೆ ಇನ್ನೊಬ್ಬರ ಹುರಿ ಜಗ್ಗುತ್ತಲೇ ಇರಲಿಲ್ಲ. ಎಳೆತ ಯಾವಾಗ ಅಪಾಯವಾಗುತ್ತದೆ ಎಂದು ಹೇಳಬಲ್ಲದ್ದು ಜೀವಂತ ನರ ಒಂದೇ. ಆದರೆ ಎತ್ತುವವರ ನರವನ್ನು ನಂಬುವಂತಿರಲಿಲ್ಲ; ಪಂದ್ಯದ ಹುಚ್ಚಿನಲ್ಲಿ ಅವರು ನೋವನ್ನು ನುಂಗಿಬಿಡುತ್ತಿದ್ದರು. ಹಾಗಾಗಿ ನೋವನ್ನು ಇನ್ನೊಬ್ಬರಿಗೆ ಕಳಿಸುವುದು ಅಂತಾಯಿತು. ತಂತು ಹಿಡಿದ ಸುದ್ದಿ ಗಾಳಿಯಲ್ಲಿ ಹಾದು ಬಂದು, ಪಟ್ಟಿ ಕಟ್ಟಿಕೊಂಡವರ ಅದೇ ಜಾಗದ ನರವನ್ನು ಮೀಟುತ್ತಿತ್ತು. ರಕ್ತಸಂಬಂಧಿಗಳಿಗೆ ಅದು ಬೇಗ ಒಗ್ಗುತ್ತಿತ್ತು. ಅವರಿಗೆ ‘ಸಾಕ್ಷಿ’ ಅಂತ ಹೆಸರಾಯಿತು.

ಸಾಕ್ಷಿಯ ಕೆಲಸ ಎರಡೇ. ಪ್ರತಿ ಸಲ ಭಾರ ಎತ್ತಿದಾಗಲೂ ಒಂದು ಅಂಕಿ ಹೇಳಬೇಕು. ಐದರೊಳಗಿದ್ದರೆ ಮುಂದಿನ ವಾರ ಎರಡೂವರೆ ಕಿಲೊ ಏರಿಕೆ. ಆರು ಅಂದರೆ ಅಲ್ಲೇ ನಿಲುಗಡೆ. ಏಳಕ್ಕೆ ಭಾರವೂ ಔಷಧವೂ ಅರ್ಧ. ಎಂಟು ದಾಟಿದರೆ ಒಂದು ತಿಂಗಳು ಕಬ್ಬಿಣ ಮುಟ್ಟುವಂತಿಲ್ಲ. ಅಂಕಿ ಸಾಕ್ಷಿಯ ಬಾಯಿಂದಲೇ ಬರಬೇಕು, ಡಾಕ್ಟರರೂ ಅದನ್ನು ತಿದ್ದುವಂತಿಲ್ಲ. ಇನ್ನೊಂದು ಕೆಲಸ ಕೈಯಲ್ಲಿರುವ ಕೆಂಪು ಗುಂಡಿಯದು. ಒತ್ತಿದರೆ ವೇದಿಕೆಯ ಎರಡು ಬದಿಯ ಉಕ್ಕಿನ ತೋಳುಗಳು ಮೇಲೆದ್ದು ಭಾರವನ್ನು ಹಿಡಿದುಕೊಳ್ಳುತ್ತಿದ್ದವು.

ಎತ್ತುವವರಿಗೆ ಸಾಕ್ಷಿಯ ಅಂಕಿ ಗೊತ್ತಾಗಬಾರದು ಎನ್ನುವುದೂ ಒಂದು ನಿಯಮ. ಅವತ್ತು ಮಧ್ಯಾಹ್ನ ಬನಶ್ರೀ ಬೆವರು ಒರೆಸಿಕೊಳ್ಳುತ್ತ ಬಂದು ಅವ್ವನ ಮುಖ ನೋಡಿದಳು.

"ಏನ್ ಬೇ ಯವ್ವಾ, ಬಾಳ ನೋವಾತೇನು?"

"ಏನೂ ಇಲ್ಲ. ಇರುವಿ ಕಡದಂಗ ಆತು," ಅಂದಳು ಮಾದೇವಿ.

*

ಕೇಂದ್ರದ ಹಿಂದುಗಡೆ ಸಾಕ್ಷಿಗಳಿಗೆಂದೇ ಕಟ್ಟಿದ ಮನೆಗಳಿದ್ದವು. ಒಂದು ಅಡಿಗೆಮನೆ, ಒಂದು ಕೋಣೆ, ಮುಂದೆ ಕಟ್ಟೆ. ಮಾದೇವಿಯ ಗಂಡ ಗುರುಬಸಪ್ಪ ಊರಲ್ಲೇ ಮಗ್ಗ ನೋಡಿಕೊಂಡಿದ್ದ. ಇಲ್ಲಿ ತಾಯಿ ಮಗಳು ಇಬ್ಬರೇ. ಮಂಗಳವಾರ, ಶುಕ್ರವಾರ ಬನಶ್ರೀಗೆ ಸೂಜಿ. ಮುಂಜಾನೆ ಎಂಟು ಮೊಟ್ಟೆ, ನಾಲ್ಕು ಜೋಳದ ರೊಟ್ಟಿ, ಮೊಳಕೆ ಹೆಸರು. ಮೂರು ತಿಂಗಳಲ್ಲಿ ಮಗಳ ಕುಪ್ಪಸಗಳೆಲ್ಲ ಹೆಗಲಲ್ಲಿ ಬಿರಿದವು. ನಾಲ್ಕನೆಯ ತಿಂಗಳಿಂದ ಅವಳು ಮುಟ್ಟಾಗಲಿಲ್ಲ. ಡಾಕ್ಟರ್ ಪರ್ವೀನ್ ಇದೆಲ್ಲ ಆಗುತ್ತದೆ ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದಳು. ಸಹಿ ಹಾಕುವಾಗ ಕೇಳಿದ್ದು ಬೇರೆ, ದಿನಾ ಕಣ್ಣೆದುರು ನೋಡುವುದು ಬೇರೆ.

ರವಿವಾರ ಬೆಳಿಗ್ಗೆ ಮಗಳನ್ನು ಕಟ್ಟೆಯ ಬಿಸಿಲಿಗೆ ಕೂರಿಸಿ ಮಾದೇವಿ ಊರಿಂದ ತಂದಿದ್ದ ಮಗ್ಗದ ಹಾಸಿನ ನೂಲು ತೆಗೆಯುತ್ತಿದ್ದಳು. ಒಂದು ತುದಿ ಹಲ್ಲಿಗೆ, ಇನ್ನೊಂದು ಎರಡು ಕೈಗೆ. ನೂಲನ್ನು ಹುರಿ ಮಾಡಿ ಮಗಳ ತುಟಿಯ ಮೇಲಿನ ಕೂದಲು ಕೀಳುತ್ತಿದ್ದಳು. ಮೊದಮೊದಲು ಹದಿನೈದು ದಿನಕ್ಕೊಮ್ಮೆ ಇತ್ತು, ಆಮೇಲೆ ಪ್ರತಿ ವಾರ, ಈಗ ಗದ್ದದ ಮೇಲೂ.

"ಎದಕ್ಕ ಕೀಳ್ತಿ ಬೇ, ಬಿಟ್ರ ಮೀಸಿ ತಿರುವೆರ ಎತ್ತತಿದ್ನೆಲ್ಲ," ಅಂದು ಬನಶ್ರೀ ನಗುತ್ತಿದ್ದಳು.

ಆ ನಗೆಯೇ ಮಾದೇವಿಯನ್ನು ಅಂಜಿಸುತ್ತಿತ್ತು. ಅಡಿಗೆಮನೆಯಲ್ಲಿದ್ದಾಗ ಕೇಳಿದರೆ ಯಾರೋ ಗಂಡಸು ಮನೆಯೊಳಗೆ ಬಂದ ಹಾಗೆ. ದನಿ ಒಂದೇ ದಿನಕ್ಕೆ ಬದಲಾಗಿರಲಿಲ್ಲ. ಬಣ್ಣ ಬಿಡುವ ಬಟ್ಟೆಯ ಹಾಗೆ ಒಗೆತಕ್ಕೊಂದಿಷ್ಟು ಹೋಗಿತ್ತು. ಒಮ್ಮೆ ಗುರುಬಸಪ್ಪ ಫೋನ್ ಮಾಡಿದಾಗ ಬನಶ್ರೀಯೇ ಎತ್ತಿಕೊಂಡಳು. "ಅಪ್ಪಾ, ಉಂಡಿಯೇನು?" ಅಂದಳು. "ಯಾರ್ರೀ ತಾವು? ನಮ್ಮಾಕಿ ಇಲ್ಲೇನ್ರಿ?" ಎಂದ ಗುರುಬಸಪ್ಪ. ಬನಶ್ರೀ ಫೋನನ್ನು ಅವ್ವನ ಕೈಗೆ ಕೊಟ್ಟು ಎದ್ದುಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡಳು. ಬಂದವಳು ಏನೂ ಆಗದವರ ಹಾಗೆ ರೊಟ್ಟಿ ಮುರಿದಳು.

"ಬಿಟ್ಟುಬಿಡೋಣೇನವಾ?" ಮಾದೇವಿ ಕೇಳಿದಳು.

"ಹೋದ ದನಿ ಬಿಟ್ರ ಬರತೈತೇನು?" ಅಂದಳು ಬನಶ್ರೀ. "ಕೊಟ್ಟದ್ದಂತೂ ಕೊಟ್ಟಾತು. ಇನ್ನ ಅದಕ್ಕ ತಕ್ಕಂಗ ಎತ್ತದಿದ್ರ ಎರಡೂ ಹೋದಂಗ. ರಾಜ್ಯದ ಆಯ್ಕಿ ಒಂದು ಆಗ್ಲಿ. ಅದೊಂದು ಆದ್ರ ಸಾಕು."

ಆ ಮಾತು ಮಾದೇವಿಯೊಳಗೆ ಮೊಳೆಯ ಹಾಗೆ ಕೂತಿತು. ಆಮೇಲೆ ಪ್ರತಿ ಅಂಕಿ ಹೇಳುವಾಗಲೂ ಅವಳಿಗೆ ಬಚ್ಚಲಿನಿಂದ ಬರುತ್ತಿದ್ದ ನೀರಿನ ಸಪ್ಪಳ ಕೇಳುತ್ತಿತ್ತು.

*

ಕಂಟ್ರೋಲ್ ರೂಮಿಗೆ ಹೋಗುವ ಪಡಸಾಲೆಯ ಬೆಂಚಿನ ಮೇಲೆ ಪ್ರತಿದಿನ ಬೆಳಿಗ್ಗೆ ಆರಕ್ಕೆ ಒಬ್ಬ ಹೆಂಗಸು ಬಂದು ಕೂಡುತ್ತಿದ್ದಳು. ಹೆಸರು ಕಸ್ತೂರವ್ವ, ಮಗ ಅಮೋಗಿಗೆ ಸಾಕ್ಷಿಯಾಗಿದ್ದವಳು. ಎರಡು ವರ್ಷದ ಹಿಂದೆ ಅಮೋಗಿಯ ತೊಡೆಯ ಹುರಿ ಹರಿದಿತ್ತು. ಅದನ್ನು ಹೊಲಿದರು. ಆರು ತಿಂಗಳ ಮೇಲೆ ಚಹ ಕುಡಿಯುತ್ತ ಕೂತವನು ಕೂತಲ್ಲೇ ಹೋದ. ಔಷಧ ತೋಳು ತೊಡೆಯಷ್ಟೇ ಅಲ್ಲ, ಎದೆಗುಂಡಿಗೆಯನ್ನೂ ದಪ್ಪ ಮಾಡಿತ್ತು. ಅಲ್ಲಿಗೆ ಯಾರೂ ತಂತು ಹಾಕಿರಲಿಲ್ಲ.

ಕಸ್ತೂರವ್ವನ ಕಾಲಿಗೆ ಈಗ ಪಟ್ಟಿ ಇರಲಿಲ್ಲ. ಆದರೂ ಆರಕ್ಕೆ ಸರಿಯಾಗಿ ಅವಳು ಎರಡು ಕೈಯಿಂದ ತೊಡೆ ಹಿಡಿದುಕೊಳ್ಳುತ್ತಿದ್ದಳು. ಹಿಡಿದು, ಬಿಟ್ಟು, ಮತ್ತೆ ಹಿಡಿದು. ಏಳರ ಹೊತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದಳು.

"ಏನಾಗತೈತಿ ಕಸ್ತೂರಕ್ಕಾ?" ಒಂದು ದಿನ ಮಾದೇವಿ ಪಕ್ಕದಲ್ಲಿ ಕೂತು ಕೇಳಿದಳು.

"ಅವ ಎತ್ತಾಕತ್ತಾನ," ಅಂದಳು ಕಸ್ತೂರವ್ವ. ಅದರಲ್ಲಿ ದುಃಖವೇ ಇರಲಿಲ್ಲ. ಮಗ ಶಾಲೆಗೆ ಹೋಗಿದ್ದಾನೆ ಅನ್ನುವ ಹಾಗಿತ್ತು. "ಆರಕ್ಕ ಸುರು ಮಾಡ್ತಾನ. ಹನ್ನೆರಡು ಸಲ. ಮನ್ಯಾಗ ಕುಂತ್ರೂ ಬರತೈತಿ. ಇಲ್ಲೆ ಆದ್ರ ಕಬ್ಬಿಣದ ಸಪ್ಪಳರ ಕೇಳತೈತಿ. ಅದಕ ಬರ್ತೀನಿ."

ಮಾದೇವಿ ಕೇಳಿದಳು: "ನೀ ಎಷ್ಟು ಅಂತಿದ್ದಿ?"

ಕಸ್ತೂರವ್ವ ಅವಳನ್ನು ಬಹಳ ಹೊತ್ತು ನೋಡಿದಳು. "ನೀ ಎಷ್ಟಂತಿ?"

ಮಾದೇವಿ ಎದ್ದು ಕಂಟ್ರೋಲ್ ರೂಮಿಗೆ ನಡೆದಳು.

ಡಾಕ್ಟರ್ ಪರ್ವೀನಳಿಗೆ ಕಸ್ತೂರವ್ವನ ವಿಷಯ ಗೊತ್ತಿತ್ತು. "ನರಕ್ಕ ರೂಢಿ ಆಗಿರತೈತಿ ಮಾದೇವಕ್ಕಾ. ಸುದ್ದಿ ಬರೂದು ನಿಂತ್ರೂ ಅದು ಬಾಗಿಲಾ ಕಾಯಕೋತ ನಿಂತಿರತೈತಿ," ಎಂದಿದ್ದಳು. ಹೇಳುವಾಗ ಅವಳ ಕಣ್ಣು ಪಡಸಾಲೆಯ ಕಡೆಗೆ ಹೋಗಲಿಲ್ಲ.

*

ಎಂಬತ್ತು ನೂರಾಯಿತು, ನೂರು ನೂರಿಪ್ಪತ್ತಾಯಿತು. ವಾರಕ್ಕೆ ಎರಡೂವರೆ ಕಿಲೊ. ಮಾದೇವಿಯ ಅಂಕಿ ನಾಲ್ಕೇ. ಒಳಗಿನ ನಿಜವಾದ ಅಂಕಿ ಆರರಿಂದ ಏಳಕ್ಕೆ ಏರಿ, ದೀಪಾವಳಿ ಹೊತ್ತಿಗೆ ಎಂಟು ಮುಟ್ಟಿತ್ತು.

ಯಾಕೆ ಹೇಳಲಿಲ್ಲ? ಮಗಳ ಆಸೆಗಾಗಿ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು, ಅದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ನೋವಿನ ಜೊತೆ ಬಲವೂ ಬರುತ್ತಿತ್ತು. ಒದ್ದೆ ಹಗ್ಗ ಹಿಂಡಿದ ಆ ಕ್ಷಣದ ತುದಿಯಲ್ಲಿ, ನೂರಿಪ್ಪತ್ತು ಕಿಲೊ ನೆಲ ಬಿಟ್ಟು ಏಳುವುದು ಅವಳ ಕಾಲಿಗೆ ತಿಳಿಯುತ್ತಿತ್ತು. ಹದಿಮೂರಕ್ಕೆ ಶಾಲೆ ಬಿಟ್ಟು ಕುಣಿಗೆ ಇಳಿದ ಕಾಲು ಅದು. ಸೊಂಟದಿಂದ ಕೆಳಗೆ ಮೂವತ್ತೈದು ವರ್ಷ ನೆಲದೊಳಗೇ ಕಳೆದಿತ್ತು. ಆ ಕಾಲು ಈಗ ದಿನಾ ಹನ್ನೆರಡು ಸಲ ಭೂಮಿಯನ್ನು ಒದ್ದು ಎದ್ದು ನಿಲ್ಲುತ್ತಿತ್ತು. ಆರು ಅಂದರೆ ಅದೂ ನಿಲ್ಲುತ್ತದೆ. ಹೆತ್ತ ಮೇಲೆ ದೂರ ದೂರ ಹೋದ ಮಗಳು ಮತ್ತೆ ತನ್ನೊಳಗೆ ಬಂದು ಒದೆಯುತ್ತಿದ್ದಾಳೆ. ಸಾಕು ಎಂದು ಯಾವ ಬಾಯಿಂದ ಹೇಳುವುದು?

ಜೊತೆಗೆ ಕೈಗಂಟಿದ ಕಸುಬಿನ ಬುದ್ಧಿಯೊಂದಿತ್ತು. ನೇಯುವಾಗ ಹಾಸಿನ ಎಳೆಯೊಂದು ಜೂಲು ಬಿಟ್ಟು ಸವೆಯತೊಡಗಿದರೆ, ಖಣ ಮುಗಿಯಲು ನಾಲ್ಕು ಬೆರಳು ಮಾತ್ರ ಉಳಿದಿದ್ದರೆ, ಗುಳೇದಗುಡ್ಡದ ಯಾವ ಹೆಂಗಸೂ ಮಗ್ಗ ನಿಲ್ಲಿಸುವುದಿಲ್ಲ. ನಿಲ್ಲಿಸಿ ಗಂಟು ಹಾಕಿದರೆ ಅರಿವೆಯ ಮೇಲೆ ಕಲೆ ಕಾಣುತ್ತದೆ. ಕಾಲು ಹಗುರ ಮಾಡಿ, ಲಾಳಿಯನ್ನು ಮೆಲ್ಲಗೆ ಬಿಟ್ಟು, ಉಸಿರು ಹಿಡಿದು ಆ ನಾಲ್ಕು ಬೆರಳು ದಾಟಿಸಿಬಿಡಬೇಕು. ಗಂಟು ಆಮೇಲೆ. ಮಾದೇವಿ ನೂರಾರು ಖಣಗಳನ್ನು ಹಾಗೆ ದಾಟಿಸಿದ್ದಳು. ಎಳೆ ಅವಳ ಕೈಯಲ್ಲಿ ಹರಿದದ್ದು ಎರಡೋ ಮೂರೋ ಸಲ.

ಆಯ್ಕೆಗೆ ಇನ್ನು ಎಂಟು ದಿನ. ಮಗಳ ಹುರಿ ಜೂಲು ಬಿಟ್ಟಿದೆ ಎಂದು ಅವಳಿಗೆ ಗೊತ್ತಿತ್ತು. ಉಳಿದದ್ದು ನಾಲ್ಕು ಬೆರಳು.

*

ಡಾಕ್ಟರ್ ಪರ್ವೀನ್ ಅವಳನ್ನು ಒಬ್ಬಳನ್ನೇ ಕರೆಸಿದ್ದು ಗುರುವಾರ ಮಧ್ಯಾಹ್ನ. ಕಂಟ್ರೋಲ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರ್ ಕುರ್ಚಿಯಲ್ಲಿ ಕೂತಿದ್ದಳು, ಬಲಗಾಲು ಸ್ಟೂಲಿನ ಮೇಲೆ. ಮೊಣಕಾಲಿಗೆ ಐಸ್ ಚೀಲ.

"ಬಿದ್ರೇನ್ರಿ?"

"ಬಿದ್ದೆ. ಹೆಂಗ ಬಿದ್ದೆ ಅಂತ ಹೇಳ್ತೀನಿ ಕುಂದ್ರಿ." ಪರ್ವೀನ್ ಪರದೆಯನ್ನು ಅವಳ ಕಡೆ ತಿರುಗಿಸಿದಳು. "ಮೂರು ವರ್ಷದ್ದು ಎಲ್ಲಾ ಸಾಕ್ಷಿಗೋಳ ಅಂಕಿ ತಗದು ನೋಡಿದೆ. ಅಪ್ಪಂದಿರು ಏಳಂತಾರ, ಎಂಟಂತಾರ. ಅಣ್ಣ-ತಮ್ಮಂದಿರು ಒಂಬತ್ತು ಅಂತ ಒದರಿ ಗುಂಡಿ ಒತ್ಯಾರ. ಅವ್ವಂದಿರು ಹನ್ನೊಂದು ಮಂದಿ ಅದೀರಿ. ಹನ್ನೊಂದೂ ಮಂದಿ ಒಂದ ದಿನಾನೂ ಐದು ದಾಟಿಲ್ಲ. ಮಷೀನು ಏನು ತಿಳಕೊಂಡೈತಿ ಗೊತ್ತೈತೇನು? ಅವ್ವಂದಿರ ಮಕ್ಕಳ ಹುರಿ ಗಟ್ಟಿ ಅದಾವ ಅಂತ. ಇನ್ನೂ ಏರಸ್ರಿ ಅಂತ ನನಗ ಹೇಳತೈತಿ. ನಾನೂ ಏರಿಸ್ಕೋತ ಬಂದೀನಿ."

ಮಾದೇವಿ ಸೆರಗಿನ ತುದಿಯನ್ನು ಹುರಿ ಮಾಡುತ್ತ ಕೂತಳು.

"ನಿನ್ನೆ ನಿಮಗ ಕಳಿಸಿದ್ದು ನಾನೂ ಹಾಕ್ಕೊಂಡು ನೋಡಿದೆ. ಪೂರಾ ಅಲ್ಲ, ಅರ್ಧಕ್ಕ ಇಳಿಸಿ. ನಿಂತಾಕಿ ಹಂಗ ಕುಸದೆ." ಅವಳು ತಗ್ಗಿದ ದನಿಯಲ್ಲಿ ಅಂದಳು: "ಅದನ್ನ ನೀವು ನಾಕು ಅಂದೀರಿ."

"ನಿಮಗ ರೂಢಿ ಇಲ್ಲರಿ ಡಾಕ್ಟರಮ್ಮಾ."

"ರೂಢಿ ಅನ್ನೂ ಅಂಕಿ ನನ್ನ ಮಷೀನಿನ್ಯಾಗ ಇಲ್ಲಲ್ಲ ಮಾದೇವಕ್ಕಾ!" ಪರ್ವೀನಳ ಕಣ್ಣಲ್ಲಿ ನೀರು ಬಂದಿತ್ತು. "ನಾ ತಿದ್ದಂಗಿಲ್ಲ. ನೀವ ಹೇಳಬೇಕು. ಒಂದು ಮಾತು ಹೇಳ್ರಿ, ಎಂಟು ಅನ್ರಿ, ನಾ ಇವತ್ತ ನಿಲ್ಲಿಸ್ತೀನಿ."

"ಎಂಟು ಅಂದ್ರ ರವಿವಾರ?"

"ರವಿವಾರ ಇಲ್ಲ. ಮುಂದಿನ ವರ್ಷ ನೋಡೂಣಂತ."

ಮುಂದಿನ ವರ್ಷ. ಇನ್ನೊಂದು ವರ್ಷದ ಸೂಜಿ, ಇನ್ನೊಂದು ವರ್ಷದ ನೂಲು. ಬಚ್ಚಲಿನ ನೀರಿನ ಸಪ್ಪಳ. ಗಾಜಿನ ಆಚೆ ಬನಶ್ರೀ ಕೈಗೆ ಸೀಮೆಸುಣ್ಣದ ಪುಡಿ ಬಳಿದುಕೊಳ್ಳುತ್ತಿದ್ದಳು. ಅವ್ವನ ಕಡೆ ನೋಡಿ ಕೈ ಎತ್ತಿದಳು. ಪುಡಿ ಬಿಸಿಲಿನಲ್ಲಿ ಹೊಗೆಯಂತೆ ಹಾರಿತು.

"ರವಿವಾರ ಮುಗೀಲಿ. ಸೋಮವಾರ ಬಂದು ಎಷ್ಟೈತಿ ಅಷ್ಟೂ ಹೇಳ್ತೀನಿ. ನಿಮ್ಮ ಕಾಲ ಹಿಡೀತೀನ್ರಿ."

"ಈಗ ಎಷ್ಟು ಅಂತ ಬರೀಲಿ?"

"ನಾಕು ರೀ," ಅಂದಳು ಮಾದೇವಿ.

*

ಆಯ್ಕೆ ನಡೆದದ್ದು ಅದೇ ಕೇಂದ್ರದ ದೊಡ್ಡ ಹಾಲಿನಲ್ಲಿ, ಬೆಳಗಿನ ಹತ್ತಕ್ಕೆ. ಸಾಕ್ಷಿಗಳ ಕುರ್ಚಿಗಳು ವೇದಿಕೆಯ ಎಡಕ್ಕೆ. ಗುರುಬಸಪ್ಪ ಊರಿಂದ ಬಂದು ಹಿಂದಿನ ಸಾಲಿನಲ್ಲಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮೊದಲ ಸಲ ಎತ್ತಿದ್ದು ನೂರ ನಲವತ್ತು ಕಿಲೊ. ಮಾದೇವಿ ಕುರ್ಚಿಯ ಕೈ ಹಿಡಿದುಕೊಂಡಳು. ಎರಡನೆಯದು ನೂರ ನಲವತ್ತೈದು. ಕಣ್ಣು ಕತ್ತಲೆ ಬಂದು ಹೋಯಿತು. ನಾಲಿಗೆ ಕಚ್ಚಿಕೊಂಡಿದ್ದಳು, ಬಾಯಲ್ಲಿ ರಕ್ತದ ರುಚಿ. ಇವೆರಡು ಎತ್ತಿದ ಮೇಲೆ ಬನಶ್ರೀ ಎರಡನೆಯ ಸ್ಥಾನದಲ್ಲಿದ್ದಳು. ಆಯ್ಕೆಯಾಗಿ ಮುಂದೆ ಹೋಗುವುದು ಮೊದಲ ಸ್ಥಾನದವರು ಒಬ್ಬರೇ.

ಮೂರನೆಯದಕ್ಕೆ ನೂರ ನಲವತ್ತೆಂಟು ಎಂದು ಕೂಗಿದರು. ಡಾಕ್ಟರ್ ಪರ್ವೀನ್ ಮೇಜಿನ ಹಿಂದಿನಿಂದ ಎದ್ದು ನಿಂತು ಮಾದೇವಿಯನ್ನೇ ನೋಡುತ್ತಿದ್ದಳು.

ಬನಶ್ರೀ ಬಗ್ಗಿ ಸರಳು ಹಿಡಿದಳು. ಎಳೆದು, ಅದರ ಕೆಳಗೆ ನುಸುಳಿ, ಹೆಗಲಿಗೆ ತಂದುಕೊಂಡು ಕುಕ್ಕರಿಸಿದಳು. ಅಲ್ಲಿಂದ ಏಳುವಾಗ ಮಾದೇವಿಯ ಮೊಣಕಾಲಿನಲ್ಲಿ ಎಳೆಗಳು ಒಂದೊಂದಾಗಿ ಬಿಡತೊಡಗಿದವು. ಅದು ಆಗ ಬರೀ ನೋವಾಗಿರಲಿಲ್ಲ, ಅವಳ ಬೆರಳಿಗೆ ಗೊತ್ತಿದ್ದ ಸಂಗತಿಯಾಗಿತ್ತು. ಒಂದು, ಮತ್ತೊಂದು, ಮತ್ತೆರಡು. ಹೆಬ್ಬೆಟ್ಟು ಗುಂಡಿಯ ಮೇಲಿತ್ತು. ಬನಶ್ರೀ ನಡುಗುತ್ತ ಎದ್ದು ನೆಟ್ಟಗೆ ನಿಂತಳು. ಹಾಲ್ ಪೂರಾ ಹೋ ಎಂದಿತು. ಇನ್ನು ಉಳಿದದ್ದು ಒಂದೇ: ಮೊಣಕಾಲನ್ನು ತುಸು ಬಗ್ಗಿಸಿ ಭಾರವನ್ನು ತಲೆಯ ಮೇಲಕ್ಕೆ ಚಿಮ್ಮಿಸುವುದು.

ನಾಲ್ಕು ಬೆರಳು, ಎಂದುಕೊಂಡಳು ಮಾದೇವಿ. ಕಾಲು ಹಗುರ ಮಾಡು. ಮೆಲ್ಲಗೆ. ಉಸಿರು ಹಿಡಿ. ಗಂಟು ಆಮೇಲೆ.

ಬನಶ್ರೀ ಮೊಣಕಾಲು ಬಗ್ಗಿಸಿದಳು.

ಸಪ್ಪಳ ಇಡೀ ಹಾಲಿಗೆ ಕೇಳಿತು. ತೊಯ್ದ ಅರಿವೆಯನ್ನು ಜೋರಾಗಿ ಜಾಡಿಸಿದ ಹಾಗೆ. ಕಬ್ಬಿಣ ಹಿಂದಕ್ಕೆ ಬಿತ್ತು, ಮಗಳು ಮುಂದಕ್ಕೆ. ಗುರುಬಸಪ್ಪನ ಟೊಪ್ಪಿಗೆ ನೆಲಕ್ಕುರುಳಿತು. ಯಾರೋ ಸ್ಟ್ರೆಚರ್ ಎಂದು ಕೂಗಿದರು. ಬನಶ್ರೀಯ ದಪ್ಪ ದನಿ ಸೀಳಿ, ಅದರೊಳಗಿಂದ ಒಂದು ಕ್ಷಣ ಹಳೆಯ ದನಿ, ಹತ್ತು ವರ್ಷದ ಹುಡುಗಿಯದು, "ಯವ್ವಾ" ಎಂದು ಕೂಗಿತು.

ಮಾದೇವಿಯ ಮೊಣಕಾಲಿನಲ್ಲಿ ಏನೂ ಇರಲಿಲ್ಲ. ತಂತು ಹರಿದಿತ್ತು. ಒಂಬತ್ತು ತಿಂಗಳಲ್ಲಿ ಮೊದಲ ಬಾರಿಗೆ ಅಲ್ಲಿ ಪೂರಾ ಮೌನ. ಗುಂಡಿಯ ಮೇಲೆ ಹೆಬ್ಬೆಟ್ಟು ಇನ್ನೂ ಹಾಗೇ ಇತ್ತು, ಒತ್ತಿರಲಿಲ್ಲ.

*

ಹುರಿಯನ್ನು ಹೊಲಿದರು, ತಂತಿನ ತುಂಡುಗಳನ್ನು ತೆಗೆದರು. ಔಷಧವನ್ನು ಹಂತ ಹಂತವಾಗಿ ಬಿಡಿಸಿದರು. ತಾಯಿ ಮಗಳು ಊರಿಗೆ ಮರಳಿದರು. ಹೆಗಲು ಇಳಿಯಿತು, ದನಿ ದಪ್ಪವಾಗಿಯೇ ಉಳಿಯಿತು. ಡಾಕ್ಟರ್ ಪರ್ವೀನ್ ತನ್ನ ತಪ್ಪನ್ನೂ ಸೇರಿಸಿ ವರದಿ ಬರೆದು, ತಾಯಂದಿರನ್ನು ಸಾಕ್ಷಿ ಮಾಡುವುದನ್ನು ನಿಲ್ಲಿಸಬೇಕೆಂದು ಕೇಳಿಕೊಂಡು, ಕೆಲಸ ಬಿಟ್ಟಳೆಂದು ಸುದ್ದಿ ಬಂತು. ವರದಿಯಲ್ಲಿ ಅವಳು ಮಾದೇವಿಯ ಹೆಸರು ಬರೆದಿರಲಿಲ್ಲ.

ಬನಶ್ರೀ ಏನೂ ಕೇಳಲಿಲ್ಲ. ಗುಂಡಿ ಕೆಟ್ಟಿತ್ತು ಎಂದೇ ಎಲ್ಲರೂ ಅಂದುಕೊಂಡಿದ್ದರು; ಗುರುಬಸಪ್ಪ ಬಂದವರೆದುರು ಯಂತ್ರವನ್ನು ಬೈಯುತ್ತಿದ್ದ. ಮಾದೇವಿ ಚಹ ಸೋಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಹೇಳಬೇಕು, ಇವತ್ತು ಹೇಳಬೇಕು ಅಂದುಕೊಂಡು ಮೂರು ತಿಂಗಳು ಹೋದವು.

ಹುರಿ ಹರಿದ ಇಪ್ಪತ್ತನೆಯ ದಿನವೇ ಅದು ಶುರುವಾಗಿತ್ತು. ಬೆಳಿಗ್ಗೆ ಆರಕ್ಕೆ ಅಂಗಳ ಗುಡಿಸುತ್ತಿದ್ದಾಗ ಮೊಣಕಾಲಿನ ಚಿಪ್ಪಿನ ಕೆಳಗೆ ಒದ್ದೆ ಹಗ್ಗ ಹಿಂಡಿತು. ಬಿಟ್ಟಿತು. ಮತ್ತೆ ಹಿಂಡಿತು. ಕಸಬರಿಗೆ ಹಿಡಿದು ನಿಂತಲ್ಲೇ ಎಣಿಸಿದಳು. ಹನ್ನೆರಡು ಸಲ. ಒಳಗೆ ಬನಶ್ರೀ ಕಾಲಿಗೆ ಪಟ್ಟಿ ಸುತ್ತಿಕೊಂಡು ಅಲುಗದೆ ಮಲಗಿದ್ದಳು. ಎತ್ತುತ್ತಿದ್ದವಳು ಅವಳಲ್ಲ. ಮಾದೇವಿಗೆ ಪಡಸಾಲೆಯ ಬೆಂಚು ನೆನಪಾಯಿತು. ಕಸ್ತೂರವ್ವ ತನ್ನನ್ನು ಅಷ್ಟು ಹೊತ್ತು ಯಾಕೆ ನೋಡಿದ್ದಳೆಂದು ತಿಳಿಯಿತು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ ಕಾಲು ಬಗ್ಗಿಸುವ ವ್ಯಾಯಾಮ. ಒಂದು ದಿನ ವ್ಯಾಯಾಮ ಮಾಡಿಸಲು ಹೊಸ ಹುಡುಗಿ ಬಂದಿದ್ದಳು. ಮಾದೇವಿ ಬಟ್ಟೆ ಪರದೆಯ ಈಚೆ ಸ್ಟೂಲಿನ ಮೇಲೆ ಕೂತಿದ್ದಳು. ಆಚೆ ಮಂಚದ ಕಬ್ಬಿಣ ಕಿರ್ರೆಂದಿತು. ಅದರ ಜೊತೆಗೇ ಮಾದೇವಿಯ ಮೊಣಕಾಲು ಉರಿದೆದ್ದಿತು. ಇದು ಆರು ಗಂಟೆಯದ್ದಲ್ಲ. ಹಗಲು ಹನ್ನೊಂದರದ್ದು, ಇದೇ ಗಳಿಗೆಯದ್ದು.

"ಎಷ್ಟೈತಿ ನೋವು? ಹತ್ತರಾಗ ಹೇಳ್ರಿ. ಜಾಸ್ತಿ ಇದ್ರ ಇಲ್ಲಿಗೆ ಬಿಡ್ತೀನಿ," ಹುಡುಗಿ ಕೇಳಿದಳು.

ಉಸಿರು ಎಳೆದುಕೊಂಡ ಸಪ್ಪಳ. ಆಮೇಲೆ ಆ ದಪ್ಪ ದನಿ, ಏನೂ ಆಗದವರ ಹಾಗೆ:

"ನಾಕು. ಬಗ್ಗಸ್ರಿ ಇನ್ನಷ್ಟು."

ಮಾದೇವಿ ಎದ್ದಳು. ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಪರದೆ ಸರಿಸಿದಳು. ಮಗಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ತುಟಿಯ ಮೇಲೆ ವಾರದ ಕೂದಲಿತ್ತು. ಕೈ ಮಂಚದ ಅಂಚನ್ನು ಹಿಡಿದು ಬಿಳಿಚಿತ್ತು.

"ಒಂಬತ್ತು ಅಂತ ಬರಕೋರಿ ಅಕ್ಕಾರ," ಅಂದಳು ಮಾದೇವಿ. "ಆಕಿ ಸುಳ್ಳು ಹೇಳಾಕತ್ತಾಳ."

ಹುಡುಗಿ ಕೈ ತಡೆದು ಇಬ್ಬರನ್ನೂ ನೋಡಿದಳು. ಬನಶ್ರೀ ತಲೆ ಎತ್ತಿದಳು.

"ನಿನಗ ಹೆಂಗ ಗೊತ್ತು? ತಂತು ತಗದಾರಲ್ಲ."

"ತಗದಾರ."

"ಮತ್ತ?"

ಮಾದೇವಿ ತನ್ನ ಬಲ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಬನಶ್ರೀ ಆ ಕೈಯನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಬಣ್ಣ ಬದಲಾಯಿತು. ಮೂರು ತಿಂಗಳಿಂದ ಮಾದೇವಿ ಕಾಯುತ್ತಿದ್ದ, ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದ ಪ್ರಶ್ನೆ ಬಂದೇ ಬಂತು.

"ಯವ್ವಾ, ಆವತ್ತು ನಿನಗ ಎಷ್ಟಿತ್ತು?"

"ಮೊದಲನೇ ದಿನ ಆರಿತ್ತು," ಅಂದಳು ಮಾದೇವಿ. "ದೀಪಾವಳಿಗೆ ಎಂಟಾತು. ಡಾಕ್ಟರಮ್ಮ ಕೇಳಿದಾಗ ಒಂಬತ್ತಿತ್ತು, ನಾಕು ಅಂದೆ. ಆವತ್ತು ಎಷ್ಟಿತ್ತು ಅಂತ ಹೇಳಾಕ ಅಂಕಿ ಇರಲಿಲ್ಲ. ಗುಂಡಿ ಕೆಟ್ಟಿರಲಿಲ್ಲವಾ. ನಾ ಒತ್ತಲಿಲ್ಲ."

ಹೊರಗೆ ಯಾರದೋ ಹೆಸರು ಕರೆಯುತ್ತಿದ್ದರು. ಬನಶ್ರೀ ಅವ್ವನನ್ನೇ ನೋ​ಡುತ್ತಿದ್ದಳು. ಸಿಟ್ಟು ಬರುವುದನ್ನು ಮಾದೇವಿ ಕಂಡಳು. ಅದರ ಹಿಂದೆ ಇನ್ನೇನೋ ಬಂದು ಸಿಟ್ಟನ್ನು ಹಿಡಿದು ನಿಲ್ಲಿಸಿದ್ದನ್ನೂ ಕಂಡಳು. ಮಗಳು ಆ ಒಂಬತ್ತು ತಿಂಗಳನ್ನು ಒಂದೊಂದು ದಿನವಾಗಿ ಹಿಂದಕ್ಕೆ ಎಣಿಸುತ್ತಿದ್ದಳು. ಇರುವೆ ಕಡಿದ ಹಾಗಾಯಿತು ಎಂದಿದ್ದ ಆ ಮಧ್ಯಾಹ್ನದ ತನಕ.

ಕಡೆಗೆ ಅವಳು ಅವ್ವನಿಂದ ಕಣ್ಣು ತೆಗೆದು ಹುಡುಗಿಯ ಕಡೆ ತಿರುಗಿದಳು.

"ಕಾಲು ಕೆಳಗಿಳಸ್ರಿ ಅಕ್ಕಾರ," ಅಂದಳು. "ಒಂಬತ್ತೈತಿ."

ಹುಡುಗಿ ಎರಡು ಕೈಯಿಂದ ಹಿಡಿದು ನಿಧಾನವಾಗಿ ಕಾಲನ್ನು ದಿಂಬಿನ ಮೇಲಿಟ್ಟಳು. ಮಾದೇವಿಯ ಮೊಣಕಾಲಿನೊಳಗೆ ಹಗ್ಗ ಒಂದೊಂದೇ ಸುತ್ತು ಬಿಚ್ಚಿಕೊಂಡು ಸಡಿಲವಾಯಿತು. ಎಂಟಾಯಿತು, ಆರಾಯಿತು. ಪೂರಾ ಹೋಗಲಿಲ್ಲ. ನಾಲ್ಕಕ್ಕೆ ಬಂದು ನಿಂತಿತು. ನಿಜವಾದ ನಾಲ್ಕು ಹೇಗಿರುತ್ತದೆಂದು ಅವಳಿಗೆ ತಿಳಿದದ್ದು ಅವತ್ತೇ ಮೊದಲು.